ಹಾಸನದ ಹಳೆ ಪುಸ್ತಕದಂಗಡಿಯಲ್ಲಿ ಅಮೆರಿಕದ ಸೈನಿಕರ ಕಪಾಟು

ಹಾಸನದ ಸಾಲಗಾಮೆ ರಸ್ತೆಯಿಂದ ಒಳಗೆ ತಿರುಗುವ ಅಡ್ಡರಸ್ತೆಯೊಂದರಲ್ಲಿ, ಝೆರಾಕ್ಸ್ ಅಂಗಡಿ ಮತ್ತು ಹೊಲಿಗೆಯಂಗಡಿಗಳ ನಡುವೆ, ಹಳೆಯ ಪುಸ್ತಕಗಳನ್ನು ಮಾರುವ ಮತ್ತು ಓದಲು ಬಾಡಿಗೆಗೆ ಕೊಡುವ ಮಳಿಗೆಯೊಂದಿದೆ. ಮುಂಭಾಗದಲ್ಲಿ ಎಲ್ಲ ಕಡೆ ಇರುವಂತೆ ಪಿಯುಸಿ ಗೈಡುಗಳು, ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕಗಳು, ಹಳೆಯ ಮಾಸಪತ್ರಿಕೆಗಳ ಕಟ್ಟುಗಳು ಇವೆ. ಒಳಗಿನ ಕೋಣೆಗೆ ಹೋದವರಿಗೆ ಮಾತ್ರ ಈ ಊರಿನಲ್ಲಿ ಯಾರೂ ನಿರೀಕ್ಷಿಸದ ಸಂಗ್ರಹವೊಂದು ಕಾಣುತ್ತದೆ. ಒಂದು ಗೋಡೆಯ ಉದ್ದಕ್ಕೂ ಅಮೆರಿಕದ ಸೇನಾಧಿಕಾರಿಗಳ ಮತ್ತು ಸಾಮಾನ್ಯ ಸೈನಿಕರ ಜೀವನಚರಿತ್ರೆ, ಆತ್ಮಕಥೆ, ಪತ್ರಸಂಗ್ರಹ ಮತ್ತು ಸೇವಾದಾಖಲೆಗಳ ಪುಸ್ತಕಗಳನ್ನು ಜೋಡಿಸಿಡಲಾಗಿದೆ. ಭಾರತೀಯ ಸೇನೆಯಿಂದ ನಿವೃತ್ತರಾಗಿ ಸಕಲೇಶಪುರದ ಕಡೆಯ ತಮ್ಮ ಕಾಫಿ ತೋಟಕ್ಕೆ ಮರಳಿದ್ದ ಅಧಿಕಾರಿಯೊಬ್ಬರು ದಶಕಗಳ ಕಾಲ ಕೂಡಿಟ್ಟಿದ್ದ ಪುಸ್ತಕಗಳಿವು. ಅವರ ಕಾಲಾನಂತರ ಮಕ್ಕಳು ಇವನ್ನು ತೂಕಕ್ಕೆ ಹಾಕದೆ ಇಡಿಯಾಗಿ ಈ ಅಂಗಡಿಗೆ ಕೊಟ್ಟರಂತೆ. ಕೊಟ್ಟವರಿಗೂ ಅದನ್ನು ಒಡೆಯದೆ ಉಳಿಸಿಕೊಂಡ ಅಂಗಡಿಯವರಿಗೂ ಓದುಗರು ಋಣಿಗಳಾಗಿರಬೇಕು.

ಯುದ್ಧಗಳ ಬಗೆಗಿನ ಪುಸ್ತಕಗಳು ಬೇಕಾದರೆ ಬೆಂಗಳೂರಿನಲ್ಲಿಯೂ ಮೈಸೂರಿನಲ್ಲಿಯೂ ಧಾರಾಳವಾಗಿ ಸಿಗುತ್ತವೆ. ಸೈನಿಕನ ಕೆಲಸವನ್ನು ಒಂದು ಉದ್ಯೋಗವಾಗಿ, ಅಂದರೆ ಸೇರ್ಪಡೆ, ವರ್ಗಾವಣೆ, ಬಡ್ತಿಗಾಗಿ ಕಾಯುವುದು, ಸಾಕಾಗದ ಸಂಬಳ, ನಿವೃತ್ತಿ, ಪಿಂಚಣಿ ಎಂಬ ಇಡೀ ಸರಣಿಯಾಗಿ ಓದಲು ಅನುವು ಮಾಡಿಕೊಡುವ ಸಂಗ್ರಹ ಅಪರೂಪ. ಹಾಸನ ಜಿಲ್ಲೆಯಲ್ಲಿ ಸೇನೆಗೆ ಹೋದ ಮಗನಿರುವ ಮನೆಗಳು ಬಹಳ ಇವೆ. ಅಂಥ ಮನೆಗಳಲ್ಲಿ ಗುಂಡಿನ ಸದ್ದಿಗಿಂತ ಹೆಚ್ಚಾಗಿ ಮಾತಿಗೆ ಬರುವುದು ರಜೆ, ಪೋಸ್ಟಿಂಗ್ ಮತ್ತು ಬಡ್ತಿಗಳೇ. ದೂರದ ದೇಶವೊಂದರ ಸೈನಿಕರೂ ಇದೇ ವಿಷಯಗಳಲ್ಲಿ ಆಯುಷ್ಯ ಸವೆಸಿದರು ಎಂಬುದು ಈ ಕಪಾಟಿನ ಮುಂದೆ ಕುಳಿತಾಗ ಸ್ಪಷ್ಟವಾಗುತ್ತದೆ. ಈ ಅಂಗಡಿಯನ್ನು ನಾನು ಮನಸಾರೆ ಶಿಫಾರಸು ಮಾಡುವುದಕ್ಕೆ ಇದೇ ಮುಖ್ಯ ಕಾರಣ. ಕೊರತೆಗಳೂ ಇವೆ, ಅವನ್ನು ಮುಂದೆ ಹೇಳುತ್ತೇನೆ.

ಮೊದಲಿಗೆ ಜೋಡಣೆಯ ವಿಷಯ. ಸಾಮಾನ್ಯವಾಗಿ ಇಂಥ ಪುಸ್ತಕಗಳನ್ನು ಅಮೆರಿಕದ ಅಂತರ್ಯುದ್ಧ, ಮೊದಲ ಮಹಾಯುದ್ಧ, ಎರಡನೆಯ ಮಹಾಯುದ್ಧ, ಕೊರಿಯಾ, ವಿಯೆಟ್ನಾಂ ಎಂದು ಯುದ್ಧಗಳ ಕ್ರಮದಲ್ಲಿ ಇಡುತ್ತಾರೆ. ಇಲ್ಲಿ ಹಾಗಿಲ್ಲ. ಸೇನಾಧಿಕಾರಿಗಳನ್ನು ತಯಾರು ಮಾಡುವ ವೆಸ್ಟ್ ಪಾಯಿಂಟ್ ಅಕಾಡೆಮಿಯಿಂದ ಬಂದವರು ಮೇಲಿನ ಸಾಲಿನಲ್ಲಿ, ಬೇರೆ ಸೈನಿಕ ಶಾಲೆ ಮತ್ತು ಕಾಲೇಜುಗಳಿಂದ ಬಂದವರು ಅದರ ಕೆಳಗೆ, ಸಾಮಾನ್ಯ ಸಿಪಾಯಿಯಾಗಿ ಸೇರಿ ಅಧಿಕಾರಿಯಾದವರು ಮೂರನೆಯ ಸಾಲಿನಲ್ಲಿ, ಕಡೆಯವರೆಗೂ ಸಿಪಾಯಿ ಅಥವಾ ಸಾರ್ಜೆಂಟ್ ಆಗಿಯೇ ಉಳಿದವರು ನಾಲ್ಕನೆಯದರಲ್ಲಿ, ದಾದಿಯರು ಮತ್ತು ಮಹಿಳಾ ಸಿಬ್ಬಂದಿ ಪಕ್ಕದ ಚಿಕ್ಕ ಕಪಾಟಿನಲ್ಲಿ ಇದ್ದಾರೆ. ಈ ಕ್ರಮ ಯಾಕೆ ಎಂದು ಕೇಳಿದಾಗ ಅಂಗಡಿಯವರು ಕೊಟ್ಟ ಉತ್ತರ ನನಗೆ ಬಹಳ ಹಿಡಿಸಿತು: “ಯುದ್ಧದ ಹೆಸರಲ್ಲಿ ಜೋಡಿಸಿದ್ರೆ ಒಬ್ಬನೇ ಮನುಷ್ಯ ನಾಕು ಕಡೆ ಹಂಚೋಗ್ತಾನೆ ಮೇಷ್ಟ್ರೇ. ಅವನು ಸೇರಿದ ದಾರಿ ನೋಡಿ ಇಟ್ರೆ ಒಂದೇ ಕಡೆ ಸಿಗ್ತಾನೆ.” ಗ್ರಂಥಾಲಯ ವಿಜ್ಞಾನ ಓದಿದವರೂ ಒಪ್ಪಬೇಕಾದ ಮಾತು ಇದು.

ಮೇಲಿನ ಸಾಲಿನ ತುದಿಯಲ್ಲಿ ಕಲ್ಲಂ ರಿಜಿಸ್ಟರ್ ಎಂಬ, ವೆಸ್ಟ್ ಪಾಯಿಂಟ್ ಪದವೀಧರರ ಸೇವಾದಾಖಲೆಯ ಬಿಡಿ ಸಂಪುಟವೊಂದಿದೆ. ಮೂಲ ಮುದ್ರಣವಲ್ಲ, ಫೋಟೋ ಪ್ರತಿಯ ಮರುಮುದ್ರಣ. ಬೆನ್ನು ಕಿತ್ತುಹೋಗಿದ್ದರಿಂದ ಅಂಗಡಿಯವರೇ ನೀಲಿ ಕ್ಯಾಲಿಕೋ ಬಟ್ಟೆ ಅಂಟಿಸಿ ಹೊಸ ಬೆನ್ನು ಕೂರಿಸಿದ್ದಾರೆ. ಅಂಚುಗಳಲ್ಲಿ ಹಿಂದಿನ ಒಡೆಯರ ಪೆನ್ಸಿಲ್ ಗುರುತುಗಳಿವೆ. ವೆಸ್ಟ್ ಪಾಯಿಂಟ್ ಅಕಾಡೆಮಿ ಸ್ಥಾಪನೆಯಾದದ್ದು 1802ರಲ್ಲಿ. ಅಲ್ಲಿಂದ ಪದವಿ ಪಡೆದ ಪ್ರತಿಯೊಬ್ಬನಿಗೂ ಒಂದು ಕ್ರಮಸಂಖ್ಯೆ ಕೊಟ್ಟು ಅವನ ಸೇವಾಜೀವನವನ್ನು ದಾಖಲಿಸುವ ಕೆಲಸವನ್ನು, ಅಲ್ಲಿಯೇ 1833ರಲ್ಲಿ ಪದವಿ ಪಡೆದ ಜಾರ್ಜ್ ಕಲ್ಲಂ ಎಂಬ ಇಂಜಿನಿಯರ್ ಅಧಿಕಾರಿ ಕೈಗೊಂಡರು. ಮೊದಲ ಸಂಖ್ಯೆ ಜೋಸೆಫ್ ಸ್ವಿಫ್ಟ್ ಎಂಬವರದು. ತಾವು ಸತ್ತ ಮೇಲೂ ಈ ದಾಖಲೆ ಮುಂದುವರಿಯಲಿ ಎಂದು ಕಲ್ಲಂ ತಮ್ಮ ಉಯಿಲಿನಲ್ಲಿ ಹಣ ಬಿಟ್ಟುಹೋದರು. ಬಹುಕಾಲದವರೆಗೆ ಆಯಾ ವರ್ಷದ ಪದವೀಧರರಿಗೆ ತರಗತಿಯಲ್ಲಿ ಗಳಿಸಿದ ಸ್ಥಾನದ ಕ್ರಮದಲ್ಲಿಯೇ ಈ ಸಂಖ್ಯೆ ಸಿಗುತ್ತಿತ್ತು. ಹಾಗಾಗಿ ತನ್ನ ಓರಗೆಯಲ್ಲಿ ಎಷ್ಟನೆಯವನಾಗಿದ್ದೆ ಎಂಬುದು ಒಬ್ಬನ ಹೆಸರಿನ ಜೊತೆ ಶಾಶ್ವತವಾಗಿ ಅಂಟಿಕೊಳ್ಳುತ್ತಿತ್ತು.

ಈ ಸಂಪುಟವನ್ನು ಒಂದು ಮಧ್ಯಾಹ್ನ ಕುಳಿತು ಓದಿದರೆ ಬೇಸರವಾಗುತ್ತದೆ ಎಂದು ಎಣಿಸುವವರಿದ್ದಾರೆ. ನನಗೆ ಆಗಲಿಲ್ಲ. ಪ್ರತಿ ಹೆಸರಿನ ಕೆಳಗೂ ಸೈನಿಕ ಚರಿತ್ರೆ ಮತ್ತು ನಾಗರಿಕ ಚರಿತ್ರೆ ಎಂಬ ಎರಡು ಭಾಗಗಳಿವೆ. ಯಾವ ಕೋಟೆಯಲ್ಲಿ ಎಷ್ಟು ವರ್ಷ, ಯಾವ ದಿನ ಯಾವ ದರ್ಜೆ, ಯಾವಾಗ ರಾಜೀನಾಮೆ, ಆಮೇಲೆ ಹೊಟ್ಟೆಪಾಡಿಗೆ ಏನು ಮಾಡಿದ ಎಂಬುದೆಲ್ಲ ಒಣ ಸಾಲುಗಳಲ್ಲಿ ಬರುತ್ತದೆ. ಮುಂದೆ ದೇಶದ ಅಧ್ಯಕ್ಷರೂ ಆದ ಯುಲಿಸಿಸ್ ಗ್ರಾಂಟ್ ಅವರ ಭಾಗವನ್ನೇ ನೋಡಿ. 1843ರಲ್ಲಿ 39 ಜನರ ತರಗತಿಯಲ್ಲಿ 21ನೆಯವರಾಗಿ ಹೊರಬಂದರು. ಮೆಕ್ಸಿಕೋ ಯುದ್ಧದಲ್ಲಿ ತಮ್ಮ ರೆಜಿಮೆಂಟಿನ ಸಾಮಗ್ರಿ ಸರಬರಾಜಿನ ಹೊಣೆ ಹೊತ್ತಿದ್ದರು. 1854ರಲ್ಲಿ ಕ್ಯಾಪ್ಟನ್ ಆಗಿದ್ದಾಗ ಕ್ಯಾಲಿಫೋರ್ನಿಯಾದಲ್ಲಿ ರಾಜೀನಾಮೆ ಕೊಟ್ಟರು. ಅಲ್ಲಿಂದ 1861ರವರೆಗೆ ಸೇಂಟ್ ಲೂಯಿಸ್ ಬಳಿ ಬೇಸಾಯ, ಬಳಿಕ ಮನೆ-ನಿವೇಶನಗಳ ವ್ಯವಹಾರ, ಬಳಿಕ ಗಲೀನಾ ಎಂಬ ಊರಿನಲ್ಲಿ ವ್ಯಾಪಾರ. ರಿಜಿಸ್ಟರಿನಲ್ಲಿ ಈ ಏಳು ವರ್ಷಗಳು ಎರಡು ಮೂರು ಸಾಲಿನಲ್ಲಿ ಮುಗಿದುಹೋಗುತ್ತವೆ. ಪಕ್ಕದಲ್ಲೇ ಇರುವ ಜೀವನಚರಿತ್ರೆಗಳನ್ನು ತೆರೆದಾಗ ಆ ಸಾಲುಗಳ ಒಳಗೆ ಏನಿತ್ತು ಎಂಬುದು ತಿಳಿಯುತ್ತದೆ: ಬೇಸಾಯ ಕೈಹತ್ತಲಿಲ್ಲ, ಬೀದಿಯಲ್ಲಿ ಸೌದೆ ಮಾರಬೇಕಾಯಿತು, ಗಲೀನಾದ ವ್ಯಾಪಾರವೆಂದರೆ ತಂದೆಯ ಚರ್ಮದ ಸರಕಿನ ಅಂಗಡಿಯಲ್ಲಿ ಗುಮಾಸ್ತಗಿರಿ. ಅದೇ ಮನುಷ್ಯ 1861ರಲ್ಲಿ ಇಲಿನಾಯ್ ರಾಜ್ಯದ ಸ್ವಯಂಸೇವಕ ರೆಜಿಮೆಂಟೊಂದರ ಕರ್ನಲ್ ಆಗಿ, 1864ರ ಮಾರ್ಚಿನಲ್ಲಿ ಲೆಫ್ಟಿನೆಂಟ್ ಜನರಲ್ ಆಗಿ, ಅಂತರ್ಯುದ್ಧದಲ್ಲಿ ಉತ್ತರದ ಪಕ್ಷವಾಗಿದ್ದ ಒಕ್ಕೂಟದ ಎಲ್ಲ ಸೇನೆಗಳ ನಾಯಕತ್ವ ವಹಿಸಿಕೊಂಡರು. ಒಣ ರಿಜಿಸ್ಟರನ್ನೂ ಜೀವನಚರಿತ್ರೆಯನ್ನೂ ಎದುರುಬದುರು ಇಟ್ಟುಕೊಂಡು ಓದುವ ಅವಕಾಶ ಕೊಟ್ಟಿರುವುದೇ ಈ ಅಂಗಡಿಯ ದೊಡ್ಡ ಉಪಕಾರ.

ಅದೇ ರಿಜಿಸ್ಟರು ಇನ್ನೊಂದು ವಿಷಯವನ್ನೂ ಕಲಿಸುತ್ತದೆ. ಅಮೆರಿಕದ ಸೇನೆಯಲ್ಲಿ ಯುದ್ಧಕಾಲದ ತಾತ್ಕಾಲಿಕ ದರ್ಜೆ ಬೇರೆ, ಕಾಯಂ ದರ್ಜೆ ಬೇರೆಯಾಗಿತ್ತು. 1861ರ ತರಗತಿಯಲ್ಲಿ ಕಟ್ಟಕಡೆಯವರಾಗಿ ಪಾಸಾದ ಜಾರ್ಜ್ ಕಸ್ಟರ್ ಎರಡೇ ವರ್ಷಗಳಲ್ಲಿ, 23ರ ವಯಸ್ಸಿನಲ್ಲಿ, ಸ್ವಯಂಸೇವಕ ಪಡೆಗಳ ಬ್ರಿಗೇಡಿಯರ್ ಜನರಲ್ ಆಗಿದ್ದರು. ಅಂತರ್ಯುದ್ಧ ಮುಗಿದ ಮೇಲೆ ಅವರಿಗೆ ದೊರೆತ ಕಾಯಂ ಹುದ್ದೆ ಏಳನೆಯ ಅಶ್ವದಳದ ಲೆಫ್ಟಿನೆಂಟ್ ಕರ್ನಲ್ ಸ್ಥಾನ. 1876ರಲ್ಲಿ ಮೂಲನಿವಾಸಿಗಳ ವಿರುದ್ಧದ ಲಿಟಲ್ ಬಿಗ್‌ಹಾರ್ನ್ ಕಾಳಗದಲ್ಲಿ ಸತ್ತಾಗಲೂ ಅವರು ಅದೇ ಹುದ್ದೆಯಲ್ಲಿದ್ದರು.

ಗ್ರಾಂಟ್ ಅವರ ಆತ್ಮಕಥೆಯ ಎರಡು ಸಂಪುಟಗಳೂ ಇಲ್ಲಿವೆ, ಸಾಧಾರಣ ಸ್ಥಿತಿಯಲ್ಲಿವೆ. ಸೈನಿಕನ ಬದುಕು ನಿವೃತ್ತಿಯ ನಂತರ ಏನಾಗುತ್ತದೆ ಎಂದು ತಿಳಿಯಬೇಕಾದವರು ಈ ಪುಸ್ತಕ ಹುಟ್ಟಿದ ಬಗೆಯನ್ನು ತಿಳಿದಿರಬೇಕು. ದೇಶದ ಅಧ್ಯಕ್ಷರಾಗಲು ಸೇನಾ ಹುದ್ದೆ ಬಿಟ್ಟದ್ದರಿಂದ ಗ್ರಾಂಟ್ ಸೇನೆಯ ನಿವೃತ್ತಿ ವೇತನ ಕಳೆದುಕೊಂಡಿದ್ದರು. ಅಧ್ಯಕ್ಷರಿಗೆ ಆಗ ಪಿಂಚಣಿ ಎಂಬುದೇ ಇರಲಿಲ್ಲ. 1884ರಲ್ಲಿ ಅವರು ಪಾಲುದಾರರಾಗಿದ್ದ ಹಣಕಾಸು ಸಂಸ್ಥೆ ಮುಳುಗಿ ಕೈ ಬರಿದಾಯಿತು. ಅದೇ ವರ್ಷ ಗಂಟಲ ಕ್ಯಾನ್ಸರ್ ಕಾಣಿಸಿಕೊಂಡಿತು. ಹೆಂಡತಿ ಮಕ್ಕಳಿಗೆ ಏನಾದರೂ ಉಳಿಸಬೇಕೆಂದು ನೋವಿನ ನಡುವೆ ಬರೆಯಲು ಕುಳಿತು, 1885ರ ಜುಲೈ 23ರಂದು ಸಾಯುವುದಕ್ಕೆ ಕೆಲವೇ ದಿನಗಳ ಮುಂಚೆ ಬರವಣಿಗೆ ಮುಗಿಸಿದರು. ಆ ವರ್ಷದ ಮಾರ್ಚಿನಲ್ಲಿ ಸಂಸತ್ತು ಅವರ ಸೇನಾ ದರ್ಜೆಯನ್ನೂ ವೇತನವನ್ನೂ ಮರಳಿ ಕೊಟ್ಟಿತ್ತು, ಆದರೆ ಅನುಭವಿಸಲು ಉಳಿದದ್ದು ಕೆಲವು ತಿಂಗಳು ಮಾತ್ರ. ಪುಸ್ತಕವನ್ನು ಪ್ರಕಟಿಸಿದ್ದು ಮಾರ್ಕ್ ಟ್ವೇನ್ ಅವರ ಪ್ರಕಾಶನ ಸಂಸ್ಥೆ. ಮನೆಮನೆಗೆ ಹೋಗಿ ಮುಂಗಡ ಚಂದಾ ಪಡೆಯುವ ಏಜೆಂಟರ ಮೂಲಕ ಅದು ಮಾರಾಟವಾಯಿತು. ಆ ಏಜೆಂಟರಲ್ಲಿ ಹಲವರು ಅದೇ ಯುದ್ಧದಲ್ಲಿ ಹೋರಾಡಿದ ಮಾಜಿ ಸೈನಿಕರಾಗಿದ್ದರು. ವಿಧವೆ ಜೂಲಿಯಾ ಅವರಿಗೆ ಒಟ್ಟು ನಾಲ್ಕು ಲಕ್ಷ ಡಾಲರಿಗೂ ಹೆಚ್ಚು ಹಣ ಬಂತು. ಈ ಹಿನ್ನೆಲೆಯನ್ನು ಅಂಗಡಿಯವರು ಒಂದು ಕಾರ್ಡಿನಲ್ಲಿ ಕನ್ನಡದಲ್ಲಿ ಬರೆದು ಪುಸ್ತಕದೊಳಗೆ ಇಟ್ಟಿದ್ದಾರೆ. ಇಂಥ ಕಾರ್ಡುಗಳು ಇನ್ನೂ ಹಲವು ಪುಸ್ತಕಗಳಲ್ಲಿವೆ. ಬೆಲೆಗಿಂತ ಬೆಲೆಬಾಳುವ ಸೇವೆ ಇದು, ಇಂಗ್ಲಿಷ್ ಓದಲು ಹಿಂಜರಿಯುವ ಹುಡುಗರೂ ಆ ಕಾರ್ಡು ಓದಿ ಪುಸ್ತಕ ಎತ್ತಿಕೊಳ್ಳುವುದನ್ನು ನಾನು ಕಂಡಿದ್ದೇನೆ.

ಎರಡನೆಯ ಮಹಾಯುದ್ಧದ ಜನರಲ್‌ಗಳ ಭಾಗ ಈ ಸಂಗ್ರಹದಲ್ಲಿ ಅತ್ಯಂತ ಸಮೃದ್ಧವಾದದ್ದು. ಅದರಲ್ಲೂ ಯುದ್ಧವಿಲ್ಲದ ಎರಡು ದಶಕಗಳ ಬಗ್ಗೆ ಇಲ್ಲಿರುವ ಪುಸ್ತಕಗಳನ್ನು ಸರ್ಕಾರಿ ನೌಕರಿಯಲ್ಲಿರುವ ಪ್ರತಿಯೊಬ್ಬರೂ ಓದಬೇಕು. 1915ರಲ್ಲಿ ವೆಸ್ಟ್ ಪಾಯಿಂಟಿನಿಂದ ಹೊರಬಂದ 164 ಜನರಲ್ಲಿ 59 ಮಂದಿ ಮುಂದೆ ಜನರಲ್ ದರ್ಜೆಗೇರಿದರು. ಜನರಲ್‌ಗಳ ದರ್ಜೆಯ ಗುರುತು ನಕ್ಷತ್ರವಾದ್ದರಿಂದ, ನಕ್ಷತ್ರಗಳು ಬಿದ್ದ ತರಗತಿ ಎಂದೇ ಅದಕ್ಕೆ ಹೆಸರು. ಆ ತರಗತಿಯಲ್ಲಿ 61ನೆಯವರಾಗಿ ಪಾಸಾದ ಐಸೆನ್‌ಹೋವರ್ ಅವರಿಗೆ ಮೊದಲ ಮಹಾಯುದ್ಧದಲ್ಲಿ ಯುರೋಪಿಗೆ ಹೋಗುವ ಅವಕಾಶವೇ ಸಿಗಲಿಲ್ಲ, ಗೆಟಿಸ್‌ಬರ್ಗ್ ಬಳಿಯ ಶಿಬಿರದಲ್ಲಿ ಟ್ಯಾಂಕ್ ಪಡೆಗೆ ತರಬೇತಿ ಕೊಡುತ್ತ ಉಳಿದರು. ಯುದ್ಧಕಾಲದಲ್ಲಿ ತಾತ್ಕಾಲಿಕವಾಗಿ ಲೆಫ್ಟಿನೆಂಟ್ ಕರ್ನಲ್ ಆಗಿದ್ದವರು ಶಾಂತಿ ಬಂದ ಮೇಲೆ ಕೆಳಗಿಳಿದು, 1920ರಲ್ಲಿ ಮೇಜರ್ ಆದರು. ನಡುವೆ ಸ್ವಲ್ಪ ಕಾಲ ಕ್ಯಾಪ್ಟನ್ ದರ್ಜೆಗೆ ಹಿಂತಿರುಗಿದ್ದೂ ಉಂಟು. ಮತ್ತೆ ಲೆಫ್ಟಿನೆಂಟ್ ಕರ್ನಲ್ ಆಗಲು 1936ರವರೆಗೆ ಕಾಯಬೇಕಾಯಿತು. 1926ರಲ್ಲಿ ಲೆವೆನ್‌ವರ್ತ್ ಸೇನಾ ಶಾಲೆಯಲ್ಲಿ ಮೊದಲ ಸ್ಥಾನ ಪಡೆದರೂ ಅದರಿಂದ ಬಡ್ತಿ ಬೇಗ ಬರಲಿಲ್ಲ, ಏಕೆಂದರೆ ಆಗಿನ ಬಡ್ತಿಗಳು ಸೇವಾ ಹಿರಿತನದ ಮೇಲೆ ನಡೆಯುತ್ತಿದ್ದವು. 1941ರ ಮಾರ್ಚಿನಲ್ಲಿ ಕರ್ನಲ್ ಆದ ಅದೇ ವ್ಯಕ್ತಿ 1944ರ ಡಿಸೆಂಬರಿನಲ್ಲಿ ಐದು ನಕ್ಷತ್ರಗಳ ಜನರಲ್ ಆಗಿದ್ದರು.

ಜಾರ್ಜ್ ಮಾರ್ಷಲ್ ಅವರ ಕಥೆ ಎರಡನೆಯ ಸಾಲಿನಲ್ಲಿದೆ, ಏಕೆಂದರೆ ಅವರು ವೆಸ್ಟ್ ಪಾಯಿಂಟಿನವರಲ್ಲ, ವರ್ಜೀನಿಯಾದ ಸೈನಿಕ ಸಂಸ್ಥೆಯಲ್ಲಿ ಓದಿದವರು. 1902ರಲ್ಲಿ ಸೇನೆ ಸೇರಿ ಕ್ಯಾಪ್ಟನ್ ಆಗಲು 1916 ಬಂತು, ಬ್ರಿಗೇಡಿಯರ್ ಜನರಲ್ ಆಗಲು 1936 ಬಂತು. 1939ರ ಸೆಪ್ಟೆಂಬರ್ 1ರಂದು, ಯುರೋಪಿನಲ್ಲಿ ಯುದ್ಧ ಶುರುವಾದ ದಿನವೇ, ಸೇನಾ ಮುಖ್ಯಸ್ಥರಾಗಿ ಪ್ರಮಾಣವಚನ ಸ್ವೀಕರಿಸಿದಾಗ ಅವರ ಕೈಗೆ ಬಂದ ಸೇನೆಯಲ್ಲಿ ಎರಡು ಲಕ್ಷಕ್ಕೂ ಕಡಿಮೆ ಜನರಿದ್ದರು. 1945ರ ಹೊತ್ತಿಗೆ ಅದು 80 ಲಕ್ಷ ದಾಟಿತ್ತು. ಅಷ್ಟು ದೊಡ್ಡ ಪಡೆಗೆ ಯಾರನ್ನು ಎಲ್ಲಿ ನಾಯಕರನ್ನಾಗಿ ಮಾಡಬೇಕೆಂಬ ಅವರ ಆಯ್ಕೆಗಳು ಬಹುಮಟ್ಟಿಗೆ 1927ರಿಂದ 1932ರವರೆಗೆ ಫೋರ್ಟ್ ಬೆನ್ನಿಂಗ್ ಶಾಲೆಯಲ್ಲಿ ಕಲಿಸುತ್ತಿದ್ದಾಗ ಗಮನಿಸಿದ್ದ ಕಿರಿಯ ಅಧಿಕಾರಿಗಳನ್ನು ಆಧರಿಸಿದ್ದವು. ಒಮರ್ ಬ್ರಾಡ್ಲಿ ಅವರಲ್ಲೊಬ್ಬರು. ಮೊದಲ ಮಹಾಯುದ್ಧದ ಕಾಲವನ್ನು ಬ್ರಾಡ್ಲಿ ಕಳೆದದ್ದು ಮೊಂಟಾನಾದ ತಾಮ್ರದ ಗಣಿಗಳ ಕಾವಲಿನಲ್ಲಿ. ಆಮೇಲೆ ಗಣಿತ ಕಲಿಸಿದರು. ಇಂಥ ಸೇವಾವಿವರಗಳನ್ನು ಓದಿದ ಮೇಲೆ, ಗೆಲುವಿನ ಫೋಟೋಗಳಲ್ಲಿ ಕಾಣುವ ಈ ಮುಖಗಳ ಹಿಂದೆ ಎಷ್ಟು ವರ್ಷಗಳ ಸಪ್ಪೆ ಕೆಲಸ ಸೇರಿದೆ ಎಂದು ಮನಸ್ಸು ಲೆಕ್ಕ ಹಾಕತೊಡಗುತ್ತದೆ.

ಕೆಳಗಿನ ಸಾಲುಗಳಿಗೆ ಬರೋಣ. ಈ ಅಂಗಡಿಯಲ್ಲಿ ನನಗೆ ಅತ್ಯಂತ ಪ್ರಿಯವಾದ ವಸ್ತು ಇರುವುದು ನಾಲ್ಕನೆಯ ಸಾಲಿನ ಮೂಲೆಯಲ್ಲಿ, ಬಿಸ್ಕತ್ತಿನ ಡಬ್ಬಿಯೊಂದರೊಳಗೆ. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಸೈನಿಕರಿಗೆಂದೇ ಮುದ್ರಿಸಿ ಉಚಿತವಾಗಿ ಹಂಚಿದ ಜೇಬು ಪುಸ್ತಕಗಳು ಅವು. ಎತ್ತರಕ್ಕಿಂತ ಅಗಲ ಹೆಚ್ಚು, ಪುಟಕ್ಕೆ ಎರಡು ಅಂಕಣ, ಹೊಲಿಗೆಯ ಬದಲು ಸ್ಟೇಪಲ್ ಪಿನ್ನು. ಸಮವಸ್ತ್ರದ ಜೇಬಿನಲ್ಲಿ ಹಿಡಿಸಬೇಕು, ಹಗುರವಾಗಿರಬೇಕು ಎಂಬ ಲೆಕ್ಕ. 1943ರಿಂದ 1947ರವರೆಗೆ 1,300ಕ್ಕೂ ಹೆಚ್ಚು ಶೀರ್ಷಿಕೆಗಳಲ್ಲಿ ಸುಮಾರು 12 ಕೋಟಿ ಪ್ರತಿಗಳು ಅಚ್ಚಾದವು. ಅಂಗಡಿಯಲ್ಲಿರುವ ಒಂದು ಪ್ರತಿಯ ಪಿನ್ನು ತುಕ್ಕು ಹಿಡಿದು ಮಧ್ಯದ ಹಾಳೆಯಲ್ಲಿ ಕಂದು ಕಲೆ ಮೂಡಿದೆ. ರಕ್ಷಾಪುಟದ ಒಳಬದಿಯಲ್ಲಿ ಮೂರು ಬೇರೆ ಬೇರೆ ಕೈಬರಹದ ಹೆಸರುಗಳಿವೆ, ಒಂದನ್ನು ಹೊಡೆದುಹಾಕಿ ಇನ್ನೊಂದು, ಅದನ್ನೂ ಹೊಡೆದು ಮತ್ತೊಂದು. ಕೆಳಗೆ ಲೆಡೊ ಎಂಬ ಊರಿನ ಹೆಸರಿದೆ. ಅಸ್ಸಾಮಿನ ಆ ಊರಿನಿಂದ ಬರ್ಮಾ ದಾಟಿ ಚೀನಾಕ್ಕೆ ರಸ್ತೆ ಕಡಿಯಲು ಬಂದಿದ್ದ ಅಮೆರಿಕದ ಇಂಜಿನಿಯರ್ ಪಡೆಗಳ ಸೈನಿಕರಲ್ಲಿ ಬಹುಪಾಲು ಕಪ್ಪುವರ್ಣೀಯರು. 1945ರ ಜನವರಿಯಲ್ಲಿ ಲೆಡೊದಿಂದ ಹೊರಟ ಮೊದಲ ವಾಹನಸಾಲು ಫೆಬ್ರವರಿಯಲ್ಲಿ ಕುನ್ಮಿಂಗ್ ತಲುಪಿತು. ಆ ಪುಟ್ಟ ಪುಸ್ತಕ ಯಾವ ಕೈಗಳಿಂದ ದಾಟಿ ಸಕಲೇಶಪುರದ ತೋಟದ ಮನೆಗೆ ಬಂತೋ ಹೇಳುವವರಿಲ್ಲ. ಇದು ಮಾರಾಟಕ್ಕಿಲ್ಲ, ಕೇಳಿದವರಿಗೆ ಮೇಜಿನ ಮೇಲೆ ಬಟ್ಟೆ ಹಾಸಿ ತೋರಿಸುತ್ತಾರೆ. ಆ ನಿರ್ಧಾರ ಸರಿಯಾದದ್ದು.

ಲೆಡೊದ ಹೆಸರು ಮಹಿಳೆಯರ ಕಪಾಟಿನಲ್ಲಿಯೂ ಬರುತ್ತದೆ. ಆನಾ ಮೇ ಹೇಸ್ ಎಂಬ ದಾದಿ 1943ರ ಜನವರಿಯಲ್ಲಿ ಅಲ್ಲಿಗೆ ಬಂದು, ಬಿದಿರಿನಿಂದ ಕಟ್ಟಿದ ಮಣ್ಣುನೆಲದ ಆಸ್ಪತ್ರೆಯಲ್ಲಿ ಕೆಲಸ ಮಾಡಿದರು. ಮುಂದೆ ಕೊರಿಯಾ ಯುದ್ಧದಲ್ಲಿಯೂ ಸೇವೆ ಸಲ್ಲಿಸಿ, 1970ರ ಜೂನ್ 11ರಂದು ಅಮೆರಿಕದ ಸೇನೆಯ ಮೊದಲ ಮಹಿಳಾ ಜನರಲ್ ಆದರು. ಭಾರತದ ಮಳೆ, ಮಲೇರಿಯಾ, ಜಿಗಣೆಗಳ ನಡುವೆ ಮೊದಲ ಯುದ್ಧಾನುಭವ ಪಡೆದ ಹೆಣ್ಣುಮಗಳೊಬ್ಬಳ ಕಥೆಗೆ ಮಲೆನಾಡಿನ ಓದುಗರಿಗಿಂತ ಒಳ್ಳೆಯ ಓದುಗರು ಎಲ್ಲಿ ಸಿಗುತ್ತಾರೆ? ದುರದೃಷ್ಟವೆಂದರೆ ಈ ಕಪಾಟು ತೀರ ಚಿಕ್ಕದು.

ಕಪ್ಪುವರ್ಣೀಯ ಅಧಿಕಾರಿಗಳ ಬಗೆಗಿನ ಪುಸ್ತಕಗಳು ಹೆಚ್ಚಿಲ್ಲದಿದ್ದರೂ ಆಯ್ಕೆ ಗಟ್ಟಿಯಾಗಿದೆ. ಗುಲಾಮಗಿರಿಯಲ್ಲಿ ಹುಟ್ಟಿದ ಹೆನ್ರಿ ಫ್ಲಿಪ್ಪರ್ 1877ರಲ್ಲಿ ವೆಸ್ಟ್ ಪಾಯಿಂಟಿನಿಂದ ಪದವಿ ಪಡೆದ ಮೊದಲ ಕಪ್ಪುವರ್ಣೀಯ. ಫೋರ್ಟ್ ಸಿಲ್‌ನಲ್ಲಿ ನಿಂತ ನೀರನ್ನು ಹರಿದುಹೋಗುವಂತೆ ಮಾಡಿ ಮಲೇರಿಯಾ ತಗ್ಗಿಸಿದ ಕಾಲುವೆ ಇಂದಿಗೂ ಅವರ ಹೆಸರಿನಲ್ಲಿದೆ. ಆದರೂ ಹಣ ದುರುಪಯೋಗದ ಆರೋಪ ಹೊರಿಸಿ ಅವರನ್ನು ಸೇನಾ ನ್ಯಾಯಾಲಯದ ಮುಂದೆ ನಿಲ್ಲಿಸಿದರು. ಆ ಆರೋಪದಿಂದ ಬಿಡುಗಡೆಯಾದರೂ ಅಧಿಕಾರಿಗೆ ತಕ್ಕುದಲ್ಲದ ನಡತೆ ಎಂಬ ಕಾರಣಕ್ಕೆ 1882ರಲ್ಲಿ ಕೆಲಸದಿಂದ ತೆಗೆದುಹಾಕಿದರು. ಸೇನೆ ತನ್ನ ದಾಖಲೆಯನ್ನು ತಿದ್ದಿದ್ದು 1976ರಲ್ಲಿ, ಅಧ್ಯಕ್ಷರು ಕ್ಷಮಾದಾನ ಕೊಟ್ಟದ್ದು 1999ರಲ್ಲಿ. ಸೇವಾದಾಖಲೆಯ ಒಂದು ಸಾಲು ತಿದ್ದಲು ಶತಮಾನ ಹಿಡಿಯಿತು ಎಂಬುದನ್ನು ಓದಿದಾಗ ಎದೆ ಭಾರವಾಗುತ್ತದೆ. ಡೇವಿಸ್ ತಂದೆ ಮಗನ ಪುಸ್ತಕಗಳಿಗಾಗಿ ಅಂಗಡಿಯವರು ತಮ್ಮ ಜೋಡಣೆಯ ನಿಯಮವನ್ನೇ ಸಡಿಲಿಸಿದ್ದಾರೆ. ತಂದೆ 1899ರಲ್ಲಿ ಸಾಮಾನ್ಯ ಸಿಪಾಯಿಯಾಗಿ ಅಶ್ವದಳ ಸೇರಿ 1940ರಲ್ಲಿ ಸೇನೆಯ ಮೊದಲ ಕಪ್ಪುವರ್ಣೀಯ ಜನರಲ್ ಆದವರು. ಮಗ ವೆಸ್ಟ್ ಪಾಯಿಂಟಿನಲ್ಲಿ ನಾಲ್ಕು ವರ್ಷ ಒಂಟಿ ಕೋಣೆಯಲ್ಲಿದ್ದು, ಊಟದ ಮೇಜಿನಲ್ಲಿ ಸಹಪಾಠಿಗಳಾರೂ ಮಾತನಾಡಿಸದಿದ್ದರೂ 1936ರಲ್ಲಿ ಪದವಿ ಪಡೆದೇ ಹೊರಬಂದು, ಮುಂದೆ ವಾಯುಪಡೆಯ ಜನರಲ್ ಆದವರು. ಇಬ್ಬರ ದಾರಿ ಬೇರೆಯಾದರೂ ಪುಸ್ತಕಗಳು ಅಕ್ಕಪಕ್ಕದಲ್ಲಿವೆ. ಸೇನೆಯಲ್ಲಿ ವರ್ಣಭೇದ ತೆಗೆಯುವ ಅಧ್ಯಕ್ಷ ಟ್ರೂಮನ್ನರ ಆದೇಶ ಬಂದದ್ದು 1948ರ ಜುಲೈ 26ರಂದು.

ನಮ್ಮವರ ಹೆಸರೂ ಇಲ್ಲಿ ಒಂದೆಡೆ ಬರುತ್ತದೆ. ಪಂಜಾಬಿನಿಂದ ಹೋದ ಭಗತ್ ಸಿಂಗ್ ಥಿಂಡ್ 1918ರಲ್ಲಿ ಅಮೆರಿಕದ ಸೇನೆ ಸೇರಿ ಗೌರವದಿಂದ ಬಿಡುಗಡೆ ಹೊಂದಿದರು. ಅವರು ಬಿಳಿಯರಲ್ಲ, ಆದ್ದರಿಂದ ಪೌರತ್ವಕ್ಕೆ ಅರ್ಹರಲ್ಲ ಎಂದು ಅಲ್ಲಿನ ಸುಪ್ರೀಂ ಕೋರ್ಟ್ 1923ರಲ್ಲಿ ತೀರ್ಪು ಕೊಟ್ಟಿತು. ಮಾಜಿ ಸೈನಿಕರಿಗೆಂದು ಬಂದ ಕಾನೂನಿನ ಆಧಾರದಲ್ಲಿ 1936ರಲ್ಲಿ ಕೊನೆಗೂ ಪೌರತ್ವ ದೊರೆಯಿತು. ಕೊರಿಯಾ ಯುದ್ಧದ ಪುಸ್ತಕಗಳಲ್ಲಿ ಇನ್ನೊಂದು ಸಂಗತಿ: 1951ರ ಮಾರ್ಚಿನಲ್ಲಿ ಮುನ್ಸಾನ್‌ನಿಯಲ್ಲಿ ಅಮೆರಿಕದ 187ನೆಯ ವಾಯುಗಾಮಿ ದಳದವರೊಂದಿಗೆ, ಲೆಫ್ಟಿನೆಂಟ್ ಕರ್ನಲ್ ಎ. ಜಿ. ರಂಗರಾಜ್ ಅವರ ನೇತೃತ್ವದ ಭಾರತೀಯ ವೈದ್ಯಕೀಯ ಘಟಕದ ತಂಡವೂ ಪ್ಯಾರಾಚೂಟಿನಿಂದ ಇಳಿದಿತ್ತು. 1953ರಲ್ಲಿ ಯುದ್ಧಕೈದಿಗಳ ವಾಪಸಾತಿ ಆಯೋಗದ ಅಧ್ಯಕ್ಷತೆ ವಹಿಸಿದವರು ಮಡಿಕೇರಿಯ ತಿಮ್ಮಯ್ಯನವರು. ಅಮೆರಿಕದವರ ಆತ್ಮಕಥೆಗಳಲ್ಲಿ ಈ ಪ್ರಸಂಗಗಳು ಬರುವ ಕಡೆಗಳಲ್ಲೆಲ್ಲ ಹಿಂದಿನ ಒಡೆಯರು ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದಾರೆ.

ಸಿಪಾಯಿಯಾಗಿ ಸೇರಿದವರ ಸಾಲುಗಳಲ್ಲಿ ಆಲ್ವಿನ್ ಯಾರ್ಕ್ ಮತ್ತು ಆಡಿ ಮರ್ಫಿ ಇದ್ದಾರೆ. ಧರ್ಮಶ್ರದ್ಧೆಯಿಂದ ಯುದ್ಧ ಬೇಡವೆಂದು ಅರ್ಜಿ ಹಾಕಿದ್ದ ಟೆನೆಸಿಯ ರೈತ ಯಾರ್ಕ್, 1918ರ ಅಕ್ಟೋಬರ್ 8ರಂದು ಕೆಲವೇ ಸಂಗಡಿಗರೊಂದಿಗೆ 132 ಜರ್ಮನರನ್ನು ಸೆರೆಹಿಡಿದು ತಂದವರು. ಊರಿಗೆ ಮರಳಿ ಗುಡ್ಡಗಾಡಿನ ಮಕ್ಕಳಿಗಾಗಿ ಶಾಲೆ ಕಟ್ಟಿದರು. ಮರ್ಫಿ ಟೆಕ್ಸಾಸಿನ ಬಡ ಗೇಣಿದಾರನ ಮಗ. 1942ರಲ್ಲಿ ವಯಸ್ಸು ಹೆಚ್ಚಿಸಿ ಹೇಳಿ ಸೇನೆ ಸೇರಿ, ಯುದ್ಧಭೂಮಿಯಲ್ಲಿಯೇ ಅಧಿಕಾರಿಯಾಗಿ ಬಡ್ತಿ ಪಡೆದು, ದೇಶದ ಅತ್ಯುನ್ನತ ಪದಕ ಗಳಿಸಿ, ಸಿನಿಮಾ ನಟರೂ ಆದರು. ಆದರೆ ಜೀವಮಾನವಿಡೀ ನಿದ್ರೆ ಬಾರದೆ ನರಳಿದರು. ಯುದ್ಧದಿಂದ ಮರಳಿದವರ ಮನಸ್ಸಿನ ಗಾಯಕ್ಕೂ ಚಿಕಿತ್ಸೆ ಬೇಕೆಂದು ಬಹಿರಂಗವಾಗಿ ಹೇಳಿದರು. ಇವರಿಬ್ಬರೂ ಪದಕ ಪಡೆದ ಖ್ಯಾತರು. ಪದಕವಿಲ್ಲದೆ ಊರಿಗೆ ಮರಳಿದ ಲಕ್ಷಾಂತರ ಜನರ ದನಿ ಈ ಕಪಾಟಿನಲ್ಲಿ ಕಡಿಮೆ, ಇದು ನನ್ನ ಮೊದಲ ತಕರಾರು. 1944ರ ಜೂನ್ 22ರಂದು ಜಾರಿಯಾದ ಮಾಜಿ ಸೈನಿಕರ ಕಾನೂನಿನಿಂದ 78 ಲಕ್ಷ ಜನ ಶಿಕ್ಷಣ ಅಥವಾ ತರಬೇತಿ ಪಡೆದರು, ಅವರಲ್ಲಿ 22 ಲಕ್ಷ ಜನ ಕಾಲೇಜು ಸೇರಿದರು. ಅವರ ಬದುಕಿನ ಬಗ್ಗೆ ಇಲ್ಲಿ ಒಂದೆರಡು ಪುಸ್ತಕಗಳಷ್ಟೇ ಇವೆ. ಪಿಂಚಣಿಯ ಬಗೆಗಿನ ಭಾಗ ಮಾತ್ರ ಪರವಾಗಿಲ್ಲ. ಅಂತರ್ಯುದ್ಧದ ಸೈನಿಕ ಮೋಸ್ ಟ್ರಿಪ್ಲೆಟ್ ಅವರ ಮಗಳು ಐರಿನ್, ತಿಂಗಳಿಗೆ 73 ಡಾಲರ್ 13 ಸೆಂಟಿನ ಪಿಂಚಣಿಯನ್ನು 2020ರಲ್ಲಿ ಸಾಯುವವರೆಗೂ ಪಡೆಯುತ್ತಿದ್ದರು ಎಂಬ ಸುದ್ದಿಯ ಕತ್ತರಿಕೆಯನ್ನು ಅಂಗಡಿಯವರೇ ಅಲ್ಲಿ ಅಂಟಿಸಿದ್ದಾರೆ.

ಎರಡನೆಯ ತಕರಾರು, 1973ರಲ್ಲಿ ಕಡ್ಡಾಯ ಸೇನಾಭರ್ತಿ ನಿಂತು ಸ್ವಯಂಸೇವಕ ಸೇನೆ ಬಂದ ನಂತರದ ಪುಸ್ತಕಗಳು ಬೆರಳೆಣಿಕೆಯಷ್ಟೇ ಇರುವುದು. ಬಡ್ತಿಗೆ ಎರಡು ಸಲ ಆಯ್ಕೆಯಾಗದ ಅಧಿಕಾರಿ ಸಾಮಾನ್ಯವಾಗಿ ಸೇವೆ ಬಿಡಬೇಕಾಗುವುದು, 20 ವರ್ಷ ಪೂರೈಸಿದವರಿಗೆ ಪಿಂಚಣಿ ದೊರೆಯುವುದು, 2018ರಿಂದ ಸೇರುವವರಿಗೆ ಪಿಂಚಣಿಯ ಜೊತೆ ಉಳಿತಾಯ ಖಾತೆಗೂ ಸರ್ಕಾರ ಪಾಲು ಹಾಕುವುದು, ಇವೆಲ್ಲ ಇಂದಿನ ಸೈನಿಕನ ಲೆಕ್ಕಾಚಾರಗಳು. ಸೇನೆ ಸೇರಲು ಬಯಸುವ ನಮ್ಮ ಹುಡುಗರು ಹೋಲಿಸಿ ನೋಡಲು ಇವೇ ಹೆಚ್ಚು ಉಪಯುಕ್ತ. ಗೋಡೆಗೆ ಅಂಟಿಸಿರುವ ದರ್ಜೆಗಳ ಪಟ್ಟಿ ಚೆನ್ನಾಗಿದೆ. ಅದನ್ನು ನೋಡುತ್ತಿದ್ದ ಆಲೂರಿನ ಕಡೆಯ ನಿವೃತ್ತ ಸುಬೇದಾರರೊಬ್ಬರು, ನಮ್ಮಲ್ಲಿರುವ ನಾಯಿಬ್ ಸುಬೇದಾರ್, ಸುಬೇದಾರ್ ದರ್ಜೆಗಳು ಅಲ್ಲಿ ಇಲ್ಲವೆಂದು ಕಂಡು, “ಹಂಗಾದ್ರೆ ಜವಾನರ ಕಷ್ಟ ಸಾಹೇಬ್ರಿಗೆ ಯಾರು ಮುಟ್ಟಿಸ್ತಾರೆ?” ಎಂದು ಕೇಳಿದರು. “ಅಲ್ಲಿ ಆ ಕೆಲಸ ಫಸ್ಟ್ ಸಾರ್ಜೆಂಟ್‌ದು ಸುಬೇದಾರ್ರೇ, ಇಲ್ಲಿ ನೋಡಿ” ಎಂದು ಅಂಗಡಿಯವರು ಪುಸ್ತಕ ತೆಗೆದು ಪುಟ ಬಿಡಿಸಿಕೊಟ್ಟರು. ಗಿರಾಕಿಯ ಪ್ರಶ್ನೆಗೆ ಪುಟದ ಸಮೇತ ಉತ್ತರ ಕೊಡುವ ವ್ಯಾಪಾರಿಗಳು ಈಗ ಎಷ್ಟು ಜನ ಇದ್ದಾರೆ?

ಇನ್ನು ವ್ಯವಹಾರದ ವಿಷಯ. ಬೆಲೆಯನ್ನು ಮೊದಲ ಹಾಳೆಯಲ್ಲಿ ಪೆನ್ಸಿಲಿನಿಂದ ಬರೆದಿರುತ್ತಾರೆ, ಚೌಕಾಸಿ ಇಲ್ಲ. ಬಾಡಿಗೆಗೆ ಬೇಕಾದರೆ ಅರ್ಧ ಬೆಲೆಯನ್ನು ಠೇವಣಿ ಇಡಬೇಕು, ವಾರಕ್ಕೆ ಇಷ್ಟೆಂದು ಸಣ್ಣ ಮೊತ್ತ ಕಳೆದು ಉಳಿದದ್ದನ್ನು ಮರಳಿಸುತ್ತಾರೆ. ಜನರಲ್‌ಗಳ ಸಾಮಾನ್ಯ ಜೀವನಚರಿತ್ರೆಗಳಿಗೆ ಇಟ್ಟಿರುವ ಬೆಲೆ ಹೆಚ್ಚು ಎನಿಸಿತು, ಏಕೆಂದರೆ ಅವು ಬೇರೆಡೆಯೂ ಸಿಗುತ್ತವೆ. ಸಿಪಾಯಿಗಳ ಪತ್ರಸಂಗ್ರಹಗಳ ಬೆಲೆ ಮಾತ್ರ ತೀರ ಕಡಿಮೆ, ತಿಳಿದವರು ಈಗಲೇ ಕೊಳ್ಳಬಹುದು. ಮಲೆನಾಡಿನ ತೇವದಲ್ಲಿ ಹಲವು ಮಳೆಗಾಲ ಕಳೆದ ಪುಸ್ತಕಗಳಾದ್ದರಿಂದ ಕೆಲವಕ್ಕೆ ಬೂಷ್ಟು ಹಿಡಿದ ವಾಸನೆಯಿದೆ. ಬೇವಿನ ಸೊಪ್ಪು, ನುಸಿಗುಳಿಗೆ ಹಾಕಿ ಕಾಪಾಡುತ್ತಿದ್ದಾರೆ, ಗೆದ್ದಲು ಎಲ್ಲಿಯೂ ಕಾಣಲಿಲ್ಲ. ನಾನು ಒಯ್ದ ಒಂದು ಪುಸ್ತಕದಲ್ಲಿ ಮಡಿಸಿದ ನಕ್ಷೆಯೂ ಅದರ ಹಿಂದಿನ ಹದಿನಾರು ಪುಟಗಳೂ ಇರಲಿಲ್ಲ, ಕೊಡುವ ಮೊದಲು ಪರಿಶೀಲಿಸಿ ಹೇಳಬೇಕಿತ್ತು. ಹಿಂತಿರುಗಿಸಿದಾಗ ಬಾಡಿಗೆ ತೆಗೆದುಕೊಳ್ಳಲಿಲ್ಲ, ಆ ಪುಸ್ತಕದ ಮೇಲೆ ಅಪೂರ್ಣ ಎಂದು ಚೀಟಿ ಅಂಟಿಸಿದರು. ಉಳಿದ ಪುಸ್ತಕಗಳನ್ನೂ ಹೀಗೆ ಒಮ್ಮೆ ಎಣಿಸಿ ನೋಡುವುದು ಅಗತ್ಯ. ಅದಕ್ಕಿಂತ ಮುಖ್ಯವಾಗಿ ಒಂದು ಪಟ್ಟಿ ಬೇಕು. ಇಡೀ ಸಂಗ್ರಹದ ಸೂಚಿ ಸದ್ಯಕ್ಕೆ ಅಂಗಡಿಯವರ ತಲೆಯಲ್ಲಿ ಮಾತ್ರ ಇದೆ, ಅವರು ಊರಲ್ಲಿಲ್ಲದ ದಿನ ಅಂಗಡಿಯಲ್ಲಿ ಕೂರುವ ಹುಡುಗನಿಗೆ ಒಳಕೋಣೆಯ ಪುಸ್ತಕಗಳ ಪರಿಚಯವೇ ಇಲ್ಲ.

ಕುಳಿತು ಓದಲು ಕಿಟಕಿಯ ಬಳಿ ಒಂದು ಮೇಜು, ಎರಡು ಕುರ್ಚಿಗಳಿವೆ, ಅದಕ್ಕೆ ದುಡ್ಡು ಕೇಳುವುದಿಲ್ಲ. ಸಂಜೆಯ ಹೊತ್ತು ಗೈಡು ಕೊಳ್ಳುವ ವಿದ್ಯಾರ್ಥಿಗಳ ನೂಕುನುಗ್ಗಲಿರುವುದರಿಂದ ಬೆಳಗಿನ ಹೊತ್ತು ಹೋಗುವುದು ಒಳ್ಳೆಯದು. ಹಾಸನಾಂಬೆಯ ದರ್ಶನದ ದಿನಗಳಲ್ಲಿ ಊರೆಲ್ಲ ಜನರಿಂದ ತುಂಬಿರುತ್ತದೆ, ಆಗ ಒಳಕೋಣೆಯನ್ನು ತೆರೆಯುವುದಿಲ್ಲ. ಮೊದಲ ಸಲ ಹೋಗುವವರು ಗ್ರಾಂಟ್ ಅವರ ಸಂಪುಟಗಳನ್ನು ಒಯ್ಯುವ ಮುಂಚೆ ರಿಜಿಸ್ಟರನ್ನು ಮೇಜಿನ ಮೇಲೆ ತರಿಸಿಕೊಂಡು ಅವರ ಪುಟವನ್ನು ಓದಿ ಹೋಗಲಿ. ರಿಜಿಸ್ಟರನ್ನು ಹೊರಗೆ ಕೊಡುವುದಿಲ್ಲ, ಆದರೆ ಬೇಕಾದ ಪುಟಗಳನ್ನು ಪಕ್ಕದ ಅಂಗಡಿಯಲ್ಲಿ ಝೆರಾಕ್ಸ್ ಮಾಡಿಸಿಕೊಳ್ಳಲು ಅಂಗಡಿಯವರೇ ಜೊತೆಗೆ ಬರುತ್ತಾರೆ.